ಗಾಜಿನ ತೊಟ್ಟಿಯಲ್ಲಿ ಮೀನಿನ ದಾಂಪತ್ಯ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಶಾಲೆಯು ಬೆಳೆದು ಬಂದ ಬಗೆಯನ್ನು ಬರೆಯಲು ನನಗಿಂತ ಹಿರಿಯರೂ ಸಮರ್ಥರೂ ಇದ್ದಾರೆ, ನಾನು ವಿಜ್ಞಾನದ ಪಾಠವನ್ನೇ ಮಾಡುತ್ತೇನೆ ಎಂದೆ. ಈ ಪಾಠವು ನಿಜವಾಗಿ 1988ರಲ್ಲಿಯೇ ಆಗಬೇಕಾಗಿತ್ತು. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಅಂದು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ವಿಜ್ಞಾನ ಕೊಠಡಿಯ ಕಿಟಕಿಯ ಪಕ್ಕದಲ್ಲಿ ಬಹುಕಾಲ ಒಂದು ಮೀನಿನ ತೊಟ್ಟಿ ಇದ್ದುದು ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ನೆನಪಿರಬಹುದು. ಕಬ್ಬಿಣದ ಪಟ್ಟಿಯ ಚೌಕಟ್ಟಿಗೆ ಗಾಜು ಕೂರಿಸಿ, ಸಂದಿಗೆ ಪುಟ್ಟಿ ಮೆತ್ತಿದ ತೊಟ್ಟಿ ಅದು. ಆ ವರ್ಷ ಮಳೆ ನಿಂತು ತೋಡಿನ ನೀರು ತಿಳಿಯಾದ ಮೇಲೆ ಮಕ್ಕಳು ಬೈರಾಸು ಹಿಡಿದು ಇಳಿದು, ಏಳು ಪುಟ್ಟ ಮೀನುಗಳನ್ನು ತಂದು ಅದರಲ್ಲಿ ಬಿಟ್ಟರು. ಅಂಗೈಗಿಂತ ಚಿಕ್ಕವು, ಚಪ್ಪಟೆ ಮೈ, ಹಳದಿಯ ಮೇಲೆ ಕಿತ್ತಳೆಯ ಹೊಳಪು, ಪಕ್ಕೆಯಲ್ಲಿ ಒಂದು ಕಪ್ಪು ಬೊಟ್ಟು. ಮಲಯಾಳಿಗಳು ಇದನ್ನು ಪಳ್ಳತ್ತಿ ಎನ್ನುತ್ತಾರೆ. ನಾವೂ ಹಾಗೆಯೇ ಕರೆದೆವು.

ಕೆಲವು ದಿನಗಳಲ್ಲಿ ಏಳರಲ್ಲಿ ಎರಡು ಜೋಡಿಯಾದವು. ಮೂಲೆಯಲ್ಲಿದ್ದ ಹೆಂಚಿನ ತುಂಡನ್ನು ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡಿದವು. ಮೊಟ್ಟೆ ಇಟ್ಟ ಮೇಲಂತೂ ಅವುಗಳ ಆರ್ಭಟ ಹೇಳತೀರದು. ತೊಟ್ಟಿಯ ಮುಕ್ಕಾಲು ಭಾಗವನ್ನು ತಮ್ಮದೆಂದು ಸಾರಿ, ಉಳಿದ ಐದನ್ನು ಒಂದು ಮೂಲೆಗೆ ಒತ್ತರಿಸಿ, ಅಲ್ಲಿಂದ ತಲೆ ಹಾಕಿದರೆ ಅಟ್ಟಿಸಿಕೊಂಡು ಹೋಗುತ್ತಿದ್ದವು. ಮಕ್ಕಳಿಗೆ ಆ ಐದರ ಮೇಲೆ ಕನಿಕರ. ನನಗೆ ತಂದೆತಾಯಿಗಳ ಮೇಲೆ ಕನಿಕರ. ಬಾಣಂತಿಯ ಕೋಣೆಯಲ್ಲಿ ಇಷ್ಟು ಗಲಾಟೆ ಏಕೆ ಎಂದು. ಐದನ್ನೂ ತೆಗೆಸಿದೆ. ಮಕ್ಕಳು ಅವನ್ನು ಅಂದೇ ಸಂಜೆ ತೋಡಿಗೆ ಬಿಟ್ಟು ಬಂದರು.

ಅದು ಗುರುವಾರ. ಶನಿವಾರ ಹೆಣ್ಣಿನ ಬಾಲದ ಅಂಚು ಹರಿದಿತ್ತು. ಸೋಮವಾರ ಬೆಳಿಗ್ಗೆ ಕೊಠಡಿಯ ಬಾಗಿಲು ತೆರೆದಾಗ ಅದು ನೀರಿನ ಮೇಲುಭಾಗದಲ್ಲಿ, ಗಾಜಿನ ಮೂಲೆಗೆ ಒತ್ತಿಕೊಂಡು ಸತ್ತಿತ್ತು. ಪಕ್ಕೆಯ ಹುರುಪೆಗಳು ಕಿತ್ತುಹೋಗಿದ್ದವು. ಗಂಡು ಹೆಂಚಿನ ಬಳಿ ನಿಂತು ಏನೂ ಆಗದ ಹಾಗೆ ಮೊಟ್ಟೆಗಳಿಗೆ ರೆಕ್ಕೆ ಬೀಸುತ್ತಿತ್ತು. ಕೆಲವು ಗಂಡುಗಳು ಸ್ವಭಾವತಃ ಕ್ರೂರ ಎಂದೇನೋ ಹೇಳಿ ಪಾಠ ಮುಗಿಸಲು ನೋಡಿದೆ. ಹಿಂದಿನ ಬೆಂಚಿನಿಂದ ಆ ಹುಡುಗಿ ಎದ್ದು ನಿಂತು, “ಮಾಷ್ಟ್ರೇ, ಆ ಐದು ಮೀನು ಇದ್ದಷ್ಟು ದಿನ ಇದಕ್ಕೆ ಏನೂ ಆಗಿರಲಿಲ್ಲವಲ್ಲ?” ಎಂದಳು.

ಪಳ್ಳತ್ತಿಯು ಸಿಕ್ಲಿಡ್ ಎಂಬ ಮೀನುಗಳ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ಇದುವರೆಗೆ ಹೆಸರಿಸಲಾದ ಪ್ರಭೇದಗಳೇ 1,700ಕ್ಕೂ ಮಿಕ್ಕಿ ಇವೆ. ಇವುಗಳ ಮುಖ್ಯ ನೆಲೆ ಆಫ್ರಿಕದ ದೊಡ್ಡ ಸರೋವರಗಳು ಮತ್ತು ದಕ್ಷಿಣ ಹಾಗೂ ಮಧ್ಯ ಅಮೆರಿಕದ ನದಿಗಳು. ಅಂಗಡಿಗಳಲ್ಲಿ ಕಾಣುವ ಏಂಜೆಲ್, ಡಿಸ್ಕಸ್, ಆಸ್ಕರ್ ಮೀನುಗಳೆಲ್ಲ ಸಿಕ್ಲಿಡ್‌ಗಳೇ. 1952ರಲ್ಲಿ ನಮ್ಮ ದೇಶಕ್ಕೆ ತರಲಾಗಿ ಇಂದು ಕೆರೆಕುಂಟೆಗಳನ್ನೆಲ್ಲ ತುಂಬಿರುವ ತಿಲಾಪಿಯವೂ ಅದೇ ಬಳಗದ್ದು. ಭಾರತದ ಮೂಲನಿವಾಸಿ ಸಿಕ್ಲಿಡ್‌ಗಳು ಮಾತ್ರ ಮೂರೇ ಮೂರು. ಆ ಮೂರೂ ನಮ್ಮ ಈ ಕರಾವಳಿಯ ಸೀಮೆಗೆ ಹತ್ತಿರದವು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕಾದ ಸಂಗತಿ. ಒಂದು, 2010ರಲ್ಲಿ ಕೇರಳದ ರಾಜ್ಯ ಮೀನು ಎಂದು ಘೋಷಿತವಾದ ಕರಿಮೀನು. ಎರಡನೆಯದು ಪಳ್ಳತ್ತಿ. ಇವೆರಡನ್ನೂ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬ್ಲಾಖ್ ಎಂಬ ಜರ್ಮನ್ ವಿದ್ವಾಂಸ ಹೆಸರಿಸಿದ. ಮೂರನೆಯದನ್ನು 1877ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ. ಎಟ್ರೊಪ್ಲಸ್ ಕೆನರೆನ್ಸಿಸ್ ಎಂಬುದು ಅದರ ಶಾಸ್ತ್ರೀಯ ನಾಮ. 1956ರವರೆಗೆ ನಮ್ಮ ತಾಲೂಕು ಸೇರಿದ್ದ ದಕ್ಷಿಣ ಕೆನರಾ ಜಿಲ್ಲೆಯ ಹೆಸರು ಹೀಗೆ ಒಂದು ಮೀನಿಗೆ ಅಂಟಿಕೊಂಡು ಉಳಿದಿದೆ. ಆ ಸೀಮೆಯ ಹೊಳೆಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಸಿಗದ ಈ ಮೀನು ಇಂದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಇವುಗಳ ಹತ್ತಿರದ ನೆಂಟರು ಇರುವುದು ದೂರದ ಮಡಗಾಸ್ಕರ್ ದ್ವೀಪದಲ್ಲಿ. ಆ ಕಥೆಯೇ ಬೇರೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಬಹುಪಾಲು ಮೀನುಗಳು ಸಾವಿರಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಚೆಲ್ಲಿ ತಮ್ಮ ದಾರಿ ಹಿಡಿಯುತ್ತವೆ. ಸಿಕ್ಲಿಡ್‌ಗಳು ಹಾಗಲ್ಲ. ಪಳ್ಳತ್ತಿ ಇಡುವುದು ಇನ್ನೂರರ ಆಸುಪಾಸಿನ ಮೊಟ್ಟೆಗಳನ್ನು. ಒಂದೊಂದಕ್ಕೂ ಸಣ್ಣ ತೊಟ್ಟು. ಆ ತೊಟ್ಟಿನಿಂದ ಕಲ್ಲಿಗೋ ಮುಳುಗಿದ ಕೊಂಬೆಗೋ ಅಂಟಿಕೊಂಡಿರುತ್ತವೆ. ಇಷ್ಟು ಕಡಿಮೆ ಇಟ್ಟ ಮೇಲೆ ಕಾಯದೆ ಗತಿಯಿಲ್ಲ. ತಂದೆತಾಯಿ ಇಬ್ಬರೂ ಸರದಿಯಲ್ಲಿ ರೆಕ್ಕೆ ಬೀಸಿ ಮೊಟ್ಟೆಗಳ ಮೇಲೆ ಹೊಸ ನೀರು ಹಾಯಿಸುತ್ತವೆ. ಬೂಸಲು ಹಿಡಿದವನ್ನು ಹೆಕ್ಕಿ ತೆಗೆಯುತ್ತವೆ. ಮೊಟ್ಟೆ ಒಡೆದು ಬಂದ ಮರಿಗಳಿಗೆ ಮೊದಲಿಗೆ ಈಜಲು ಬಾರದು, ಬಾಲ ಅಲ್ಲಾಡಿಸುತ್ತ ಒಂದು ಕಡೆ ಮಿಡುಕುತ್ತಿರುತ್ತವೆ. ಅಂಥವನ್ನು ತಾಯಿತಂದೆಗಳು ಬಾಯಲ್ಲಿ ಎತ್ತಿ, ಮೊದಲೇ ಮರಳಿನಲ್ಲಿ ತೋಡಿಟ್ಟ ಕುಳಿಗಳಿಗೆ ಸಾಗಿಸುತ್ತವೆ. ಒಂದು ಕುಳಿಯಿಂದ ಇನ್ನೊಂದಕ್ಕೆ ಸ್ಥಳಾಂತರವೂ ಉಂಟು.

ಮರಿಗಳು ಈಜತೊಡಗಿದ ಮೇಲಿನ ನೋಟ ಇನ್ನೂ ಸೊಗಸು. ಅವು ಗುಂಪಾಗಿ ತಾಯಿತಂದೆಗಳ ಪಕ್ಕೆಗೆ ಬಂದು ಮೈಗೆ ತಾಗಿ ತಾಗಿ ಹೋಗುತ್ತವೆ. ಮುದ್ದಿಗಾಗಿ ಮಾಡುವುದೆಂದು ನೋಡುವವರಿಗೆ ತೋರುತ್ತದೆ. ವಾಸ್ತವದಲ್ಲಿ ಅವು ಹಿರಿಯರ ಚರ್ಮದ ಮೇಲಿನ ಲೋಳೆಯನ್ನು ತಿನ್ನುತ್ತಿರುತ್ತವೆ. ಜ್ಯಾಕ್ ವಾರ್ಡ್ ಮತ್ತು ಜಾರ್ಜ್ ಬಾರ್ಲೊ ಎಂಬವರು 1967ರಲ್ಲಿ ಪಳ್ಳತ್ತಿ ಮರಿಗಳ ಈ ವರ್ತನೆಯನ್ನೇ ವಿವರವಾಗಿ ಬರೆದರು. ಅಪಾಯದ ಸುಳಿವು ಸಿಕ್ಕಿದೊಡನೆ ಹಿರಿಯ ಮೀನು ಹೊಟ್ಟೆಯಡಿಯ ಜೋಡಿ ರೆಕ್ಕೆಗಳನ್ನು ಪಟಪಟನೆ ಬಿಚ್ಚಿ ಮಡಚುತ್ತದೆ. ಮರಿ ಸಾಕುವ ಕಾಲದಲ್ಲಿ ಈ ರೆಕ್ಕೆಗಳು ಕಡುಗಪ್ಪಾಗಿರುವುದರಿಂದ ಸನ್ನೆ ಎದ್ದು ಕಾಣುತ್ತದೆ, ಮರಿಗಳು ಹತ್ತಿರ ಓಡಿ ಬರುತ್ತವೆ. ಕೋಳಿಯು ಪಿಳ್ಳೆಗಳನ್ನು ಕೂಗಿ ಕರೆಯುವುದಕ್ಕೆ ಇದು ಸಮ, ಸದ್ದಿಲ್ಲ ಅಷ್ಟೇ.

ಇಂಥ ಮಮತೆಯುಳ್ಳ ಮೀನು ತನ್ನ ಜೊತೆಗಾತಿಯನ್ನು ಕೊಲ್ಲುವುದೆಂದರೇನು? ಉತ್ತರವು ಆ ಮಮತೆಯ ಒಳಗೇ ಇದೆ. ಇನ್ನೂರು ಮೊಟ್ಟೆಗಳನ್ನು ಕಾಯುವುದೆಂದರೆ ಅವುಗಳನ್ನು ತಿನ್ನಬರುವ ಎಲ್ಲರನ್ನೂ ಅಟ್ಟುವುದು. ತಿನ್ನಬರುವವರಲ್ಲಿ ಸ್ವಜಾತಿಯವರೂ ನೆಂಟರೂ ಇರುತ್ತಾರೆ. ಇದೇ ಪಳ್ಳತ್ತಿಯ ಮರಿಗಳು ಕರಿಮೀನಿನ ಮೈಮೇಲಿನ ಕೊಳೆಯನ್ನೂ ಬೂಸಲನ್ನೂ ಕಿತ್ತು ಶುಚಿ ಮಾಡುವುದನ್ನು ವೈಮನ್ ಮತ್ತು ವಾರ್ಡ್ 1972ರಲ್ಲಿ ವರದಿ ಮಾಡಿದರು. ಅದೇ ಪಳ್ಳತ್ತಿ ಸಮಯ ಸಿಕ್ಕರೆ ಅದೇ ಕರಿಮೀನಿನ ಮೊಟ್ಟೆಗಳನ್ನು ತಿನ್ನುವುದಕ್ಕೂ ಹೇಸುವುದಿಲ್ಲ. ಆದ್ದರಿಂದ ಮರಿ ಸಾಕುವ ಸಿಕ್ಲಿಡ್‌ಗೆ ಕೋಪವು ದುರ್ಗುಣವಲ್ಲ, ಅದು ಸಂಸಾರದ ಸಲಕರಣೆ. ಮೊಟ್ಟೆ ಇಟ್ಟ ಮೇಲೆ ಅದು ಏರುವುದು ಸಹಜ.

ಆ ಕೋಪಕ್ಕೂ ಒಂದು ಕ್ರಮವಿದೆ. ಎದುರಾಳಿಯನ್ನು ಕಂಡರೆ ಮೊದಲು ಪಕ್ಕೆ ತಿರುಗಿಸಿ, ಬೆನ್ನುರೆಕ್ಕೆಯನ್ನೂ ಬಾಲವನ್ನೂ ಬಿಚ್ಚಿ, ತಾನು ಎಷ್ಟು ದೊಡ್ಡವನೆಂದು ತೋರಿಸುತ್ತದೆ. ಆಮೇಲೆ ಬಾಲದಿಂದ ನೀರನ್ನು ಎದುರಾಳಿಯ ಮೈಗೆ ಒಗೆಯುತ್ತದೆ. ಮೈತಾಗದೆ ನೀರಿನ ಒತ್ತಡದಿಂದಲೇ ಎದುರಾಳಿಯ ಬಲ ಎಷ್ಟೆಂದು ತಿಳಿಯುವ ಉಪಾಯ ಅದು. ಅದಕ್ಕೂ ಬಗ್ಗದಿದ್ದರೆ ಎದುರುಬದುರಾಗಿ ಕಿವಿರಿನ ಮುಚ್ಚಳಗಳನ್ನು ಅರಳಿಸುವುದು, ಬಾಯಿಗೆ ಬಾಯಿ ಕಚ್ಚಿ ಜಗ್ಗಾಡುವುದು. ಇಷ್ಟರಲ್ಲಿ ಯಾರು ಬಲಿಷ್ಠರೆಂದು ಸಾಮಾನ್ಯವಾಗಿ ತೀರ್ಮಾನವಾಗುತ್ತದೆ. ಸೋತದ್ದು ರೆಕ್ಕೆಗಳನ್ನು ಮಡಚಿ, ಬಣ್ಣ ಕಳೆದುಕೊಂಡು ಓಡುತ್ತದೆ. ಗೆದ್ದದ್ದು ತನ್ನ ಸೀಮೆಯ ಅಂಚಿನವರೆಗೆ ಅಟ್ಟಿ ಹಿಂದಿರುಗುತ್ತದೆ. ರಕ್ತಪಾತಕ್ಕೆ ಅವಕಾಶವೇ ಇಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಗಂಡುಹೆಣ್ಣುಗಳ ಮೊದಲ ಭೇಟಿಯೂ ಇದೇ ಹೆಜ್ಜೆಗಳಿಂದ ಆರಂಭವಾಗುತ್ತದೆ. ಪಳ್ಳತ್ತಿಯಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ನೋಡಿ ಹೇಳುವುದು ಕಷ್ಟ. ಗಂಡು ಕೊಂಚ ದೊಡ್ಡದು, ಅಷ್ಟೇ. ಸೀಮೆಗೆ ಬಂದ ಹೆಣ್ಣನ್ನು ಗಂಡು ಮೊದಲು ಎದುರಾಳಿಯಂತೆಯೇ ಎದುರುಗೊಳ್ಳುತ್ತದೆ. ಆಕೆ ಓಡಿಹೋಗುವುದಿಲ್ಲ, ತಿರುಗಿ ಬೀಳುವುದೂ ಇಲ್ಲ. ಮೈಯನ್ನು ಸಣ್ಣಗೆ ನಡುಗಿಸುತ್ತ ನಿಲ್ಲುತ್ತಾಳೆ. ಗಂಡೂ ನಡುಗಿಸಿ ಉತ್ತರಿಸುತ್ತದೆ. ಹೀಗೆ ಹತ್ತಾರು ಬಾರಿ ನಡೆದ ಮೇಲೆ ದಾಳಿಯ ಹೆಜ್ಜೆಗಳು ಕಡಿಮೆಯಾಗಿ ಸಲಿಗೆ ಬೆಳೆಯುತ್ತದೆ. ದಾಂಪತ್ಯವು ಕೋಪ ಅಳಿದುಹೋದುದರಿಂದ ಹುಟ್ಟಿದ್ದಲ್ಲ. ಕೋಪವು ಬೇರೆ ಕಡೆಗೆ ತಿರುಗಿದ್ದರಿಂದ ಹುಟ್ಟಿದ್ದು.

ಬೇರೆ ಕಡೆಗೆ ಎಂದರೆ ಎಲ್ಲಿಗೆ? ನೆರೆಯವರ ಕಡೆಗೆ. ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಬಹುಮಾನವನ್ನು ಇನ್ನಿಬ್ಬರೊಡನೆ ಹಂಚಿಕೊಂಡ ಆಸ್ಟ್ರಿಯದ ಕಾನ್ರಾಡ್ ಲೊರೆಂಜ್ ಅವರು ಸಿಕ್ಲಿಡ್‌ಗಳನ್ನು ವರ್ಷಗಟ್ಟಲೆ ಸಾಕಿದ್ದರು. ಸಿಟ್ಟಿಗೆದ್ದ ಗಂಡು ಹೆಣ್ಣಿನತ್ತಲೇ ಬಾಣದಂತೆ ನುಗ್ಗಿ, ಇನ್ನೇನು ತಾಗಿತು ಎನ್ನುವಾಗ ಪಕ್ಕಕ್ಕೆ ಹೊರಳಿ, ಆಚೆಯಿದ್ದ ನೆರೆಯ ಮೀನಿಗೆ ಹೋಗಿ ಡಿಕ್ಕಿ ಹೊಡೆಯುವುದನ್ನು ಅವರು ವರ್ಣಿಸಿದ್ದಾರೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ನಮ್ಮ ಗಾದೆ ಮೀನುಗಳಲ್ಲಿಯೂ ಸಲ್ಲುತ್ತದೆ. ಲೊರೆಂಜ್ ಅವರ ಇನ್ನೊಂದು ಅನುಭವ ಸ್ವಾರಸ್ಯಕರ. ದೊಡ್ಡ ತೊಟ್ಟಿಯೊಂದರಲ್ಲಿ ಗಾಜಿನ ಅಡ್ಡಗೋಡೆಗಳನ್ನು ನಿಲ್ಲಿಸಿ ಹಲವು ಜೋಡಿಗಳನ್ನು ಅವರು ಸಾಕಿದ್ದರು. ಪ್ರತಿಯೊಂದು ಜೋಡಿಯೂ ಗಾಜಿನಾಚೆಯ ಜೋಡಿಯ ಮೇಲೆ ಹಗಲಿಡೀ ಹಾರಾಡುತ್ತ, ತನ್ನೊಳಗೆ ಅನ್ಯೋನ್ಯವಾಗಿ ಇರುತ್ತಿತ್ತು. ಯಾವುದೋ ಒಂದು ಜೋಡಿಯಲ್ಲಿ ಜಗಳ ಶುರುವಾಯಿತೆಂದರೆ ಅಡ್ಡಗಾಜಿಗೆ ಪಾಚಿ ಕಟ್ಟಿದೆ, ಒರೆಸಬೇಕು ಎಂದು ಅರ್ಥ! ಪಾಚಿ ಒರೆಸಿ ನೆರೆಯವರು ಮತ್ತೆ ಕಂಡೊಡನೆ ಸಂಸಾರ ನೆಟ್ಟಗಾಗುತ್ತಿತ್ತು.

ಇದು ಬರಿಯ ಅನುಭವದ ಮಾತಾಗಿ ಉಳಿಯಲಿಲ್ಲ. ಆನ್ ರಾಸಾ ಎಂಬ ವಿಜ್ಞಾನಿ ಇದನ್ನು ಪ್ರಯೋಗಕ್ಕೆ ಒಡ್ಡಿ 1969ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಆರಿಸಿಕೊಂಡ ಮೀನು ಯಾವುದೆಂದರೆ, ನಮ್ಮ ತೋಡಿನ ಪಳ್ಳತ್ತಿಯೇ. ಸ್ವಜಾತಿಯ ಬೇರೆ ಮೀನು ಕಣ್ಣಿಗೆ ಬೀಳದಂತೆ ಒಂಟಿಯಾಗಿ ಇಟ್ಟ ಜೋಡಿಗಳಲ್ಲಿ ಗಂಡುಹೆಣ್ಣುಗಳ ನಡುವಿನ ದಾಳಿ ಹೆಚ್ಚಿತು, ಜೋಡಿಗಳು ಮುರಿದವು, ಮರಿ ಸಾಕುವ ಕೆಲಸ ಕೆಟ್ಟಿತು. ಬೇರೆ ಪಳ್ಳತ್ತಿಗಳು ಕಾಣುವಂತೆ ಇಟ್ಟ ಜೋಡಿಗಳು ಉಳಿದುಕೊಂಡವು. ಈ ಪ್ರಬಂಧದ ವಿಷಯ ನನ್ನ ಕಣ್ಣಿಗೆ ಬಿದ್ದದ್ದು ನಿವೃತ್ತಿಯ ಅನಂತರ. ಓದಿ ಮುಗಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ಮಕ್ಕಳು ಬೈರಾಸಿನಲ್ಲಿ ಹಿಡಿದು ತಂದ ಮೀನಿನ ಬಗೆಗೆ, ನಮ್ಮ ತೊಟ್ಟಿಯಲ್ಲಿ ನಡೆದ ಸಂಗತಿಯನ್ನೇ, ಅದು ನಡೆಯುವುದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ಒಬ್ಬರು ಬರೆದಿಟ್ಟಿದ್ದರು.

ಕಾರಣವನ್ನು ಕುರಿತು ಎಲ್ಲರೂ ಒಮ್ಮತದವರಲ್ಲ. ಕೋಪವು ಕಟ್ಟೆಯ ಹಿಂದಿನ ನೀರಿನಂತೆ ಒಳಗೇ ತುಂಬುತ್ತ ಹೋಗುತ್ತದೆ, ಹೊರದಾರಿ ಸಿಗದಿದ್ದರೆ ಹತ್ತಿರ ಇದ್ದವರ ಮೇಲೆ ಒಡೆಯುತ್ತದೆ ಎಂದು ಲೊರೆಂಜ್ ಭಾವಿಸಿದ್ದರು. ರಾಬರ್ಟ್ ಹೈಂಡ್ ಮೊದಲಾದವರು ಈ ಬಗೆಯ ವಿವರಣೆಯನ್ನು ಒಪ್ಪಲಿಲ್ಲ. ಇಂದು ಅದಕ್ಕೆ ಹೆಚ್ಚಿನ ಮನ್ನಣೆಯೂ ಇಲ್ಲ. ನನಗೆ ಸರಿಯೆಂದು ತೋರುವ ವಿವರಣೆ ಸರಳವಾದದ್ದು. ಮೊಟ್ಟೆ ಕಾಯುವ ಗಂಡು ದಾಳಿಗೆ ಸಿದ್ಧವಾಗಿರುತ್ತದೆ. ನೆರೆಯವರು ಕಂಡರೆ ದಾಳಿಗೆ ಗುರಿ ಇದೆ. ಯಾರೂ ಇಲ್ಲದಾಗ ಸೀಮೆಯೊಳಗೆ ಚಲಿಸುವ ಏಕೈಕ ಮೀನು ಹೆಣ್ಣೇ ಆಗಿರುತ್ತದೆ. ಲೊರೆಂಜ್ ತಮ್ಮ ಮೀನುಗಳ ಪಾಠವನ್ನು ಮನುಷ್ಯ ಸಮಾಜಕ್ಕೂ ಎಳೆದು ತಂದರು, ಅದಕ್ಕಾಗಿ ಟೀಕೆಗೂ ಗುರಿಯಾದರು. ಆ ಟೀಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಮೀನಿನ ಸಂಸಾರ ಮೀನಿಗೆ.

ಆದರೆ ಜಗಳವೇ ಒಂದು ಮಾತು, ಸಾವೇ ಇನ್ನೊಂದು. ತೋಡಿನಲ್ಲಿಯೂ ಜೋಡಿಗಳಲ್ಲಿ ಮನಸ್ತಾಪ ಬರುತ್ತದೆ. ಅಲ್ಲಿ ಹೆಣ್ಣು ನಾಲ್ಕು ಮಾರು ದೂರ ಓಡಿದರೆ ಗಂಡಿನ ಸೀಮೆ ಮುಗಿಯಿತು, ಬೆನ್ನಟ್ಟುವಿಕೆಯೂ ಮುಗಿಯಿತು. ಓಡುವುದೇ ಸೋಲಿನ ಒಪ್ಪಿಗೆ. ನಮ್ಮ ತೊಟ್ಟಿಯ ಉದ್ದ ಎರಡೂವರೆ ಅಡಿ. ಅದರ ಒಳಗೆಲ್ಲ ಗಂಡಿನ ಸೀಮೆಯೇ. ಹೆಣ್ಣು ಎಷ್ಟು ಓಡಿದರೂ ಹೊರಗೆ ಹೋಗಲಾರಳು. ಹೋಗದೆ ಉಳಿದವಳು ಸೋಲೊಪ್ಪದ ಎದುರಾಳಿ ಎಂದೇ ಗಂಡಿನ ಲೆಕ್ಕ. ಹೀಗೆ ಮುಗಿಯಬೇಕಾದ ಜಗಳ ಮುಗಿಯಲಿಲ್ಲ. ಗಂಡು ಸ್ವಭಾವತಃ ಕ್ರೂರ ಎಂದು ನಾನು ಹೇಳಿದ್ದು ತಪ್ಪು. ಕೊಂದದ್ದು ನಾಲ್ಕು ಗಾಜುಗಳು ಮತ್ತು ಆ ಗುರುವಾರದ ನನ್ನ ಕನಿಕರ.

ಇಂದು ಅನೇಕ ಮನೆಗಳಲ್ಲಿ ಮೀನಿನ ತೊಟ್ಟಿಗಳಿವೆ. ನಮ್ಮ ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಹೋದಾಗ, ಹಣೆ ಉಬ್ಬಿದ ಫ್ಲವರ್‌ಹಾರ್ನ್ ಮೀನು ಪಡಸಾಲೆಯಲ್ಲಿ ಗಾಜಿಗೆ ಮೂತಿ ತಿವಿಯುತ್ತಿರುವುದನ್ನು ಕಾಣುತ್ತೇನೆ. 1990ರ ದಶಕದಲ್ಲಿ ಮಲೇಷ್ಯದಲ್ಲಿ ಬೆರಕೆಯಿಂದ ಹುಟ್ಟಿಸಿದ ಸಿಕ್ಲಿಡ್ ಅದು. ಅದೃಷ್ಟ ತರುತ್ತದೆಂದು ಮಾರುತ್ತಾರೆ. ಅದೃಷ್ಟದ ಮಾತು ಅವರವರ ನಂಬಿಕೆಗೆ ಬಿಟ್ಟದ್ದು. ಒಂಟಿಯಾಗಿದೆ ಪಾಪ ಎಂದು ಅದರ ತೊಟ್ಟಿಗೆ ಒಂದು ಹೆಣ್ಣನ್ನು ತಂದು ಬಿಟ್ಟರೆ ಹೆಣ್ಣಿನ ಅದೃಷ್ಟ ಏನಾಗುವುದೆಂದು ಈಗ ಓದುಗರೇ ಊಹಿಸಬಲ್ಲರು.

ಸಿಕ್ಲಿಡ್‌ಗಳನ್ನು ಜೋಡಿಯಾಗಿ ಸಾಕಬೇಕೆಂಬವರು ಅಂಗಡಿಯಲ್ಲಿ ಒಂದು ದೊಡ್ಡದನ್ನೂ ಒಂದು ಚಿಕ್ಕದನ್ನೂ ಕೊಂಡು ಗಂಟು ಹಾಕುವುದು ಬೇಡ. ಆರೋ ಎಂಟೋ ಮರಿಗಳನ್ನು ಒಟ್ಟಿಗೆ ಬೆಳೆಸಿದರೆ ಅವೇ ತಮ್ಮ ಜೊತೆಯನ್ನು ಆರಿಸಿಕೊಳ್ಳುತ್ತವೆ. ಹಾಗೆ ಕೂಡಿದ ಜೋಡಿ ಹೆಚ್ಚು ಬಾಳುತ್ತದೆ. ಪಳ್ಳತ್ತಿಯಂಥ ಚಿಕ್ಕ ಮೀನಿಗೂ ತೊಟ್ಟಿ ಮೂರಡಿಗೆ ಕಡಿಮೆ ಇರಬಾರದು. ನೀರಿಗೆ ಸ್ವಲ್ಪ ಕಲ್ಲುಪ್ಪು ಸೇರಿಸಿದರೆ ಅದಕ್ಕೆ ಹಿತ, ಏಕೆಂದರೆ ಅದು ಅಳಿವೆಯ ಸವಳು ನೀರಿಗೂ ಒಗ್ಗಿದ ಮೀನು. ಒಡಕು ಮಡಕೆ, ತೆಂಗಿನ ಗೆರಟೆ, ಕಲ್ಲುಗಳನ್ನು ಜೋಡಿಸುವಾಗ ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿ ಕಾಣದಂತೆ ಇಡಬೇಕು. ಗಂಡು ಹಾಯಲಾರದ, ಚಿಕ್ಕದಾದ ಹೆಣ್ಣು ಮಾತ್ರ ನುಸುಳಬಲ್ಲ ಕಿಂಡಿಯುಳ್ಳ ಮರೆ ಒಂದಾದರೂ ಇರಲಿ. ಹೆಣ್ಣು ನೀರಿನ ಮೇಲ್ಮೂಲೆಯಲ್ಲಿ ರೆಕ್ಕೆ ಮಡಚಿ ನಿಂತಿತೆಂದರೆ ಅಂದೇ ನಡುವೆ ತೂತುಗಳುಳ್ಳ ತಡೆ ನಿಲ್ಲಿಸಬೇಕು. ಮರುದಿನ ನೋಡೋಣ ಎನ್ನುವಂತಿಲ್ಲ; ನಾನು ಹಾಗೆಂದು ಶನಿವಾರ ಬಾಗಿಲು ಹಾಕಿ ಹೋದವನು. ಎಲ್ಲಕ್ಕಿಂತ ಮುಖ್ಯವಾಗಿ, ಜೋಡಿಯ ಕಣ್ಣಿಗೆ ಬೇರೆ ಮೀನುಗಳು ಕಾಣುತ್ತಿರಲಿ. ಆದರೆ ಅವು ಸಿಕ್ಕಿ ಸಾಯುವಂತೆಯೂ ಇರಬಾರದು. ನಮ್ಮ ತೊಟ್ಟಿಯ ಆ ಐದು ಮೀನುಗಳನ್ನು ತೆಗೆದದ್ದು ಅವುಗಳ ಮಟ್ಟಿಗೆ ಒಳ್ಳೆಯದೇ ಆಯಿತು. ಅವುಗಳಲ್ಲಿ ಎರಡನ್ನಾದರೂ ಒಂದು ದೊಡ್ಡ ಗಾಜಿನ ಭರಣಿಯಲ್ಲಿ ಹಾಕಿ ತೊಟ್ಟಿಯ ಪಕ್ಕಕ್ಕೆ ತಾಗಿಸಿ ಇಟ್ಟಿದ್ದರೆ ಸಾಕಾಗಿತ್ತು. ಅಂಥ ಭರಣಿಗಳು ರಸಾಯನಶಾಸ್ತ್ರದ ಕಪಾಟಿನಲ್ಲಿ ನಾಲ್ಕು ಖಾಲಿ ಇದ್ದವು.

ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ತಿಳಿಯದು. ಈ ಸಂಚಿಕೆ ಅವಳ ಕೈಸೇರಿದರೆ ಸಂತೋಷ. ಮಹೋತ್ಸವಕ್ಕೆ ಬಂದವರು ಮಧ್ಯಾಹ್ನದ ಊಟವಾದ ಮೇಲೆ ತೋಡಿನ ಕಡೆಗೆ ಒಮ್ಮೆ ಇಳಿದು ನೋಡಬಹುದು. ನೀರು ತಿಳಿಯಾಗಿದ್ದು, ಬಿಸಿಲು ನೆಟ್ಟಗೆ ಬೀಳುವ ಹೊತ್ತು ಒಳ್ಳೆಯದು. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ದಡದಲ್ಲಿ ಕುಳಿತು ಸ್ವಲ್ಪ ಹೊತ್ತು ಅಲುಗಾಡದಿರಬೇಕು. ಕೆಳಗಿನ ಮರಳಿನಲ್ಲಿ ತಟ್ಟೆಯಷ್ಟಗಲದ ಶುಚಿಯಾದ ಜಾಗವೂ, ಅದರ ಮೇಲೆ ಹಳದಿ ಬಣ್ಣದ ಎರಡು ಮೀನುಗಳೂ ಕಂಡರೆ ಅದು ಪಳ್ಳತ್ತಿಯ ಸಂಸಾರ. ಮಾರು ದೂರದಲ್ಲಿ ಇನ್ನೊಂದು ಜೋಡಿ ಇದೆಯೇ ನೋಡಿ.